ನೀರಿನ ಲೆಕ್ಕ ಬರೆಯುವವರ ಸಂಬಳ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನೀರಿನ ಹೆಸರಿನಲ್ಲಿ ಖರ್ಚಾಗುವ ಹಣಕ್ಕೆ ಕೊರತೆಯಿಲ್ಲ. ಎತ್ತಿನಹೊಳೆಯ ಕಾಲುವೆಗೆ, ಹೆಬ್ಬಾಳ-ನಾಗವಾರ ಕಣಿವೆಯಿಂದ ಸಂಸ್ಕರಿಸಿದ ಕೊಳಚೆ ನೀರು ತರುವ ಪೈಪುಗಳಿಗೆ, ಚೆಕ್ ಡ್ಯಾಮುಗಳಿಗೆ, ಹಳ್ಳಿಯ ಶುದ್ಧ ನೀರಿನ ಘಟಕಗಳಿಗೆ, ಕೆರೆಯ ಹೂಳೆತ್ತುವುದಕ್ಕೆ ಸಾವಿರಾರು ಕೋಟಿ ಮಂಜೂರಾಗಿದೆ. ಪೈಪಿಗೆ ಎಷ್ಟು, ಪಂಪಿಗೆ ಎಷ್ಟು, ಭೂಸ್ವಾಧೀನಕ್ಕೆ ಎಷ್ಟು ಎಂದು ಅಂದಾಜು ಪಟ್ಟಿಯಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಬಂದ ನೀರು ಎಷ್ಟು, ಅದರಲ್ಲಿ ನೆಲಕ್ಕೆ ಇಳಿದದ್ದು ಎಷ್ಟು, ಇಳಿದ ನೀರು ಕುಡಿಯಲು, ಬೆಳೆಗೆ ಯೋಗ್ಯವೇ ಎಂದು ವರ್ಷಗಟ್ಟಲೆ ಲೆಕ್ಕ ಇಡುವ ಮನುಷ್ಯನಿಗೆ ಆ ಪಟ್ಟಿಯಲ್ಲಿ ಒಂದು ಸಾಲು ಸಿಗುವುದು ಅಪರೂಪ. ಆ ಕೆಲಸ ಮಾಡುವವರು ಹೆಚ್ಚಾಗಿ ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳು, ಅವರನ್ನು ನಡೆಸುವುದು ಫೆಲೋಶಿಪ್ ಅಥವಾ ಸಂಶೋಧನಾ ಸಹಾಯಕ ಹುದ್ದೆಯ ತಿಂಗಳ ಭತ್ಯೆ. ಹವಾಮಾನ ಬದಲಾವಣೆಯನ್ನು ತಾಳಿಕೊಳ್ಳುವ ಶಕ್ತಿ ಒಂದು ಸೀಮೆಗೆ ಬರಬೇಕಾದರೆ ಈ ಭತ್ಯೆಯನ್ನು ವಿದ್ಯಾರ್ಥಿಗೆ ತೋರುವ ಕೃಪೆ ಎಂದು ಎಣಿಸದೆ, ಕಾಮಗಾರಿಯ ಒಂದು ಭಾಗವೆಂದೇ ಎಣಿಸಬೇಕು. ಅದು ವ್ಯಕ್ತಿಗೋ ಮೂರು ವರ್ಷದ ಪ್ರಾಜೆಕ್ಟಿಗೋ ಅಂಟಿಕೊಳ್ಳದೆ ಒಂದು ಜಲಾನಯನಕ್ಕೆ ಅಂಟಿಕೊಂಡಿರಬೇಕು ಎಂಬುದು ಈ ಲೇಖನದ ವಾದ.

ಮೊದಲಿಗೆ ಈ ವ್ಯವಸ್ಥೆಯ ಸ್ವರೂಪ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರು ಸರ್ಕಾರಿ ಸಂಸ್ಥೆಗಳಿಂದ, ಕಂಪನಿಗಳಿಂದ ಅನುದಾನ ತಂದು, ಅದರಲ್ಲಿ ವಿದ್ಯಾರ್ಥಿಯನ್ನು ಸಂಶೋಧನಾ ಸಹಾಯಕನಾಗಿ ನೇಮಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ದುಡಿಮೆ. ಪ್ರತಿಯಾಗಿ ಬೋಧನಾ ಶುಲ್ಕದ ಮನ್ನಾ ಮತ್ತು ಊಟ-ಬಾಡಿಗೆಗೆ ಸಾಲುವಷ್ಟು ಭತ್ಯೆ. ಪರಿಸರ ಎಂಜಿನಿಯರಿಂಗ್ ಓದಲು ಹೊರದೇಶಕ್ಕೆ ಹೋಗುವ ನಮ್ಮ ಮಧ್ಯಮ ವರ್ಗದ ಮಕ್ಕಳಲ್ಲಿ ಅನೇಕರಿಗೆ ಸಾಲವಿಲ್ಲದೆ ಓದು ಮುಗಿಸುವ ದಾರಿ ಇದೊಂದೇ. ಭಾರತದಲ್ಲಿ ಇದು ಎರಡು ಕವಲಾಗಿದೆ. ನೆಟ್ ಅಥವಾ ಗೇಟ್ ಪಾಸಾದವರಿಗೆ ಸಿಗುವ ಫೆಲೋಶಿಪ್ ಒಂದು. ಪ್ರಾಜೆಕ್ಟ್ ಅನುದಾನದಲ್ಲಿ ಸಿಗುವ ಸಹಾಯಕ ಹುದ್ದೆ ಇನ್ನೊಂದು. ಮೊದಲನೆಯದರಲ್ಲಿ ಹಣ ವಿದ್ಯಾರ್ಥಿಯನ್ನು ಹಿಂಬಾಲಿಸುತ್ತದೆ, ಎರಡನೆಯದರಲ್ಲಿ ಪ್ರಾಜೆಕ್ಟನ್ನು. ಕಿರಿಯ ಸಂಶೋಧಕರ ಭತ್ಯೆ 2019ರ ಜನವರಿಯಿಂದ ತಿಂಗಳಿಗೆ 31,000 ರೂಪಾಯಿ ಇತ್ತು. 2023ರ ಜನವರಿಯಿಂದ ಅನ್ವಯವಾಗುವಂತೆ 37,000ಕ್ಕೆ ಏರಿತು. ಹಿರಿಯರದು 35,000ದಿಂದ 42,000 ಆಯಿತು. ಪ್ರಧಾನ ಮಂತ್ರಿ ಸಂಶೋಧನಾ ಫೆಲೋಶಿಪ್ ಪಡೆದ ಕೆಲವೇ ಜನರಿಗೆ 70,000ದಿಂದ 80,000 ಸಿಗುತ್ತದೆ. ಇನ್ನೊಂದು ತುದಿಯಲ್ಲಿ, ನೆಟ್ ಇಲ್ಲದೆ ಪಿಎಚ್.ಡಿ. ಮಾಡುವವರಿಗೆ ಯುಜಿಸಿ ಕೊಡುವ ಭತ್ಯೆ ತಿಂಗಳಿಗೆ 8,000. ಅದೂ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ. ರಾಜ್ಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಅದೂ ಇಲ್ಲ. ಗೇಟ್ ಪಾಸಾಗಿ ಎಂ.ಟೆಕ್. ಸೇರಿದವರಿಗೆ 12,400. ಗೇಟ್ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಎಂಬ ಪ್ರತ್ಯೇಕ ಪತ್ರಿಕೆ ಬಂದದ್ದೇ 2021ರಲ್ಲಿ ಎಂಬುದನ್ನು ನೋಡಿದರೆ ಈ ವಿಷಯಕ್ಕೆ ನಮ್ಮ ವ್ಯವಸ್ಥೆ ಎಷ್ಟು ತಡವಾಗಿ ಮಣೆ ಹಾಕಿತು ಎಂಬುದು ತಿಳಿಯುತ್ತದೆ.

ಈ ಭತ್ಯೆಗೆ ನಡೆದ ಕೆಲಸದಿಂದ ಚಿಕ್ಕಬಳ್ಳಾಪುರಕ್ಕೆ ಏನಾದರೂ ದಕ್ಕಿದೆಯೇ? ದಕ್ಕಿದೆ, ಮತ್ತು ಅದು ಸಣ್ಣದಲ್ಲ. ಎತ್ತಿನಹೊಳೆ ಯೋಜನೆಗೆ 2014ರ ಮಾರ್ಚಿನಲ್ಲಿ ಚಿಕ್ಕಬಳ್ಳಾಪುರದಲ್ಲೇ ಶಂಕುಸ್ಥಾಪನೆ ನಡೆಯಿತು. ಪಶ್ಚಿಮ ಘಟ್ಟದ ಹಳ್ಳಗಳಿಂದ 24 ಟಿಎಂಸಿ ನೀರು ಎತ್ತಿ ಬಯಲುಸೀಮೆಗೆ ತರುವುದು ಸರ್ಕಾರದ ಲೆಕ್ಕ. ಮರು ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ಸಂಶೋಧನಾ ತಂಡ ಅದೇ ಜಲಾನಯನದ ಮಳೆ, ಕಾಡು, ಇಳಿಜಾರು, ಆವಿಯಾಗುವ ಪ್ರಮಾಣಗಳನ್ನೆಲ್ಲ ಕೂಡಿ ಕಳೆದು, ಅಲ್ಲಿ ಹುಟ್ಟುವ ನೀರೇ ಸುಮಾರು 9.55 ಟಿಎಂಸಿ ಎಂದು ವರದಿ ಕೊಟ್ಟಿತು. ಸರ್ಕಾರ ಒಪ್ಪಲಿಲ್ಲ. 12,912 ಕೋಟಿಗೆ ಮಂಜೂರಾಗಿದ್ದ ಯೋಜನೆ ಪರಿಷ್ಕೃತ ಅಂದಾಜಿನಲ್ಲಿ 23,251 ಕೋಟಿ ದಾಟಿತು. ಮೊದಲ ಹಂತ ಸಕಲೇಶಪುರದ ಬಳಿ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರಿನಲ್ಲಿ. ಯಾರ ಲೆಕ್ಕ ಸರಿ ಎಂಬುದನ್ನು ಮುಂದಿನ ಮಳೆಗಾಲಗಳು ಹೇಳಲಿ. ಆದರೆ ಇಲಾಖೆಯ ಅಂಕಿಗೆ ಎದುರಾಗಿ ಇನ್ನೊಂದು ಅಂಕಿ ಇಟ್ಟು, ಅದು ಹೇಗೆ ಬಂತು ಎಂಬುದನ್ನು ಹಂತ ಹಂತವಾಗಿ ತೋರಿಸಿದವರು ವಿಶ್ವವಿದ್ಯಾಲಯದ ಜನ. ಅವರಿಲ್ಲದಿದ್ದರೆ ಸಾರ್ವಜನಿಕ ಚರ್ಚೆಯಲ್ಲಿ ಉಳಿಯುತ್ತಿದ್ದದ್ದು ಒಂದೇ ಅಂಕಿ.

ಎರಡನೆಯ ಉದಾಹರಣೆ ಕುಡಿಯುವ ನೀರಿನದು. ಬಾಗೇಪಲ್ಲಿ, ಗೌರಿಬಿದನೂರು ಕಡೆಯ ಜನಕ್ಕೆ ಫ್ಲೋರೈಡ್ ಹಳೆಯ ಶತ್ರು. ಲೀಟರಿಗೆ ಒಂದು ಮಿಲಿಗ್ರಾಂ ಒಳಗೆ ಇರಬೇಕಾದದ್ದು ಮಿತಿ ಮೀರಿದರೆ ಹಲ್ಲು, ಮೂಳೆ ಏನಾಗುತ್ತವೆ ಎಂಬುದನ್ನು ಅಲ್ಲಿ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಯುರೇನಿಯಂ ಕಣ್ಣಿಗೂ ಕಾಣುವುದಿಲ್ಲ, ಹಲ್ಲಿನ ಮೇಲೆ ಕಲೆಯನ್ನೂ ಬಿಡುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದ ವಿಜ್ಞಾನಿಗಳು ಮತ್ತು ಸಂಗಡಿಗರು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 57 ಹಳ್ಳಿಗಳ ನೀರು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೋಗ್ರಾಂ ಮೀರಿತ್ತು. 48 ಹಳ್ಳಿಗಳದು ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಸಡಿಲ ಮಿತಿಯಾದ 60ನ್ನೂ ದಾಟಿತ್ತು. ಚಿಕ್ಕಬಳ್ಳಾಪುರವೂ ಆ ಪಟ್ಟಿಯಲ್ಲಿದೆ. ಬಂಡೆಯಲ್ಲಿರುವ ಯುರೇನಿಯಂ ನೀರಿಗೆ ಬರುವುದಕ್ಕೂ ಕೊಳವೆ ಬಾವಿ ಸಾವಿರ ಅಡಿ ಮುಟ್ಟುವುದಕ್ಕೂ ಏನು ನಂಟು? ಮಳೆ ಚೆನ್ನಾಗಿ ಆದ ವರ್ಷ ಪ್ರಮಾಣ ಇಳಿಯುತ್ತದೆಯೇ? ಒಮ್ಮೆ ಮಾಡಿದ ಸಮೀಕ್ಷೆ ಈ ಪ್ರಶ್ನೆಗಳನ್ನು ಎತ್ತಬಲ್ಲದು. ಉತ್ತರಕ್ಕೆ ಅದೇ ಬಾವಿಗಳಿಗೆ ಮತ್ತೆ ಮತ್ತೆ ಹೋಗಬೇಕು.

ಮೂರನೆಯದು ಬೆಂಗಳೂರಿನ ನೀರು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ದಿನಕ್ಕೆ 440 ದಶಲಕ್ಷ ಲೀಟರ್ ಸಂಸ್ಕರಿತ ನೀರನ್ನು ಕೋಲಾರ ಜಿಲ್ಲೆಯ ಮತ್ತು ಚಿಂತಾಮಣಿ ತಾಲೂಕಿನ ಕೆರೆಗಳಿಗೆ, ಹೆಬ್ಬಾಳ-ನಾಗವಾರ ಯೋಜನೆಯಲ್ಲಿ 210 ದಶಲಕ್ಷ ಲೀಟರನ್ನು ಚಿಕ್ಕಬಳ್ಳಾಪುರದ ಕಂದವಾರ ಕೆರೆಯೂ ಸೇರಿ 65 ಕೆರೆಗಳಿಗೆ ಹರಿಸುವುದು ಗುರಿ. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ನೀರು ಬಂದ ಕೆಲವೇ ವಾರಗಳಲ್ಲಿ ನೊರೆ ಎದ್ದಿತು. ವಿವಾದ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕು ಎಂಬುದು ಶಾಶ್ವತ ನೀರಾವರಿ ಹೋರಾಟ ಸಮಿತಿಯ ಪಟ್ಟು. ಕೆರೆಯ ಮಣ್ಣಿನ ಪದರಗಳೇ ನೀರನ್ನು ಸೋಸುತ್ತವೆ, ಅಂತರ್ಜಲ ಮೇಲೆ ಬಂದಿದೆ ಎಂಬುದು ಇಲಾಖೆಯ ಉತ್ತರ. ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರದ ಸಂಶೋಧಕರು ಕೋಲಾರದ ಕೆರೆ, ಬಾವಿ, ಮಣ್ಣು, ಬೆಳೆಗಳನ್ನು ಅಧ್ಯಯನ ಮಾಡಿ, ನೀರು ಬಂದ ಕೆರೆಗಳ ಆಸುಪಾಸಿನಲ್ಲಿ ಅಂತರ್ಜಲ ಏರಿದ್ದನ್ನು ದಾಖಲಿಸಿದ್ದಾರೆ. ಆದರೆ ಅದೇ ಅವಧಿಯಲ್ಲಿ, 2021ರಲ್ಲಿ, ಈ ಸೀಮೆ ದಶಕಗಳಲ್ಲಿ ಕಾಣದಂಥ ಮಳೆಯೂ ಸುರಿಯಿತು. ಬಾವಿಯಲ್ಲಿ ಏರಿದ ನೀರಿನಲ್ಲಿ ಮಳೆಯ ಪಾಲೆಷ್ಟು, ಬೆಂಗಳೂರಿನ ಪಾಲೆಷ್ಟು? ಅದನ್ನು ಬಿಡಿಸಿ ಹೇಳಬೇಕಾದರೆ ನೀರು ಬಂದ ಕೆರೆಯ ಜೊತೆಗೆ ಬಾರದ ಕೆರೆಯನ್ನೂ, ಮಳೆ ಬಂದ ವರ್ಷದ ಜೊತೆಗೆ ಬಾರದ ವರ್ಷವನ್ನೂ ಅಳೆದಿರಬೇಕು. ಔಷಧದ ಉಳಿಕೆಗಳು, ಸೂಕ್ಷ್ಮ ರಾಸಾಯನಿಕಗಳು ನಿಧಾನವಾಗಿ ಕೆಳಗಿಳಿಯುತ್ತವೆ. ಎರಡು ವರ್ಷದಲ್ಲಿ ಏನೂ ಕಾಣಲಿಲ್ಲ ಎಂಬುದು ಹತ್ತು ವರ್ಷದ ಭರವಸೆಯಾಗುವುದಿಲ್ಲ.

ಮೂರು ಉದಾಹರಣೆಗಳಲ್ಲೂ ಒಂದೇ ಮಾದರಿ ಕಾಣುತ್ತದೆ: ಹೊರಗಿನ ದೊಡ್ಡ ಸಂಸ್ಥೆಯ ತಂಡ ಬಂದು, ಒಳ್ಳೆಯ ಕೆಲಸ ಮಾಡಿ, ಅನುದಾನ ಮುಗಿದ ಮೇಲೆ ಹಿಂದಿರುಗುತ್ತದೆ. ದೇಶದಲ್ಲಿ ಪ್ರಾಜೆಕ್ಟ್ ಅನುದಾನದ ರೂಢಿಯ ಅವಧಿ ಮೂರು ವರ್ಷ. ನಮ್ಮ ಬಯಲುಸೀಮೆಯ ಮಳೆಗೆ ಮೂರು ವರ್ಷ ಎಂಬುದು ಏನೂ ಅಲ್ಲ. 2021ರ ನವೆಂಬರಿನಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಬಿದ್ದವು, ಉತ್ತರ ಪಿನಾಕಿನಿ ತುಂಬಿ ಹರಿಯಿತು. ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಆಸುಪಾಸು ನೆಲ ನಡುಗಿದಾಗ, ಭಾರಿ ಮಳೆಯ ನೀರು ಬಂಡೆಯ ಬಿರುಕುಗಳಿಗೆ ಇಳಿದದ್ದೇ ಕಾರಣವಿರಬಹುದು ಎಂದು ತಜ್ಞರು ಹೇಳಿದರು. ಎರಡೇ ವರ್ಷದಲ್ಲಿ, 2023ರಲ್ಲಿ, ರಾಜ್ಯದ ಬಹುಪಾಲು ತಾಲೂಕುಗಳ ಹೆಸರು ಬರಪೀಡಿತ ಪಟ್ಟಿ ಸೇರಿತು. 2021-22ರಲ್ಲಿ ಮಾತ್ರ ಅಳೆದವನು ಸಮೃದ್ಧಿಯ ವರದಿ ಬರೆಯುತ್ತಾನೆ, 2023ರಲ್ಲಿ ಮಾತ್ರ ಅಳೆದವನು ನಾಶದ ವರದಿ ಬರೆಯುತ್ತಾನೆ. ಇಬ್ಬರೂ ಸುಳ್ಳು ಹೇಳಿರುವುದಿಲ್ಲ, ಆದರೆ ಇಬ್ಬರಲ್ಲಿ ಒಬ್ಬರ ಮಾತನ್ನೂ ನಂಬಿ ಕಾಲುವೆ ಕಟ್ಟಲಾಗುವುದಿಲ್ಲ.

ದೀರ್ಘಕಾಲ ಒಂದೇ ಕಡೆ ಕೂತು ನೋಡುವುದು ಕರ್ನಾಟಕಕ್ಕೆ ಹೊಸದೇನಲ್ಲ. ಗುಂಡ್ಲುಪೇಟೆ ತಾಲೂಕಿನ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳು ಜೊತೆಗೂಡಿ ಒಂದೂವರೆ ದಶಕದಿಂದ ಅಂತರ್ಜಲ, ಮಣ್ಣಿನ ತೇವ, ಬೆಳೆಗಳನ್ನು ಅಳೆಯುತ್ತಿವೆ. ಪಕ್ಕದ ಬಂಡೀಪುರ ಕಾಡಿನ ಮೂಲೆಹೊಳೆಯಲ್ಲಿ ಅದಕ್ಕೂ ಮೊದಲಿನಿಂದ. ಒಬ್ಬ ಸಂಶೋಧಕ ಥೀಸಿಸ್ ಮುಗಿಸಿ ಹೋದರೆ ಇನ್ನೊಬ್ಬ ಅದೇ ಬಾವಿ, ಅದೇ ಹೊಲದಿಂದ ಮುಂದುವರಿಸುತ್ತಾನೆ. ಹಾಗಾಗಿ ಅಲ್ಲಿ ಕೊಳವೆ ಬಾವಿ ನೀರಾವರಿ ಹೆಚ್ಚಿದಂತೆ ಹಳ್ಳದ ಹರಿವು ಹೇಗೆ ಬತ್ತಿತು ಎಂಬುದನ್ನು ಅಂಕಿಯಲ್ಲಿ ಹೇಳಲು ಸಾಧ್ಯವಾಗಿದೆ. ಉಪಗ್ರಹ ಮೇಲಿನಿಂದ ಅಂದಾಜು ಮಾಡಿದ ಮಣ್ಣಿನ ತೇವ ನಿಜವೇ ಎಂದು ಪರೀಕ್ಷಿಸಲು ಆ ಹೊಲಗಳು ಒರೆಗಲ್ಲಾಗಿವೆ. ಗೌರಿಬಿದನೂರಿಗೂ ದೀರ್ಘ ವೀಕ್ಷಣೆಯ ಪರಿಚಯವಿದೆ. 1965ರಿಂದ ಅಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು ದೂರದೇಶದ ಕಂಪನಗಳನ್ನು ಆಲಿಸುತ್ತಿದೆ. 1970ರ ದಶಕದಿಂದ ರೇಡಿಯೋ ದೂರದರ್ಶಕ ಸೂರ್ಯ, ನಕ್ಷತ್ರಗಳ ಅಲೆಗಳನ್ನು ಹಿಡಿಯುತ್ತಿದೆ. ಸೂರ್ಯನ ಮೇಲೆ ಅರ್ಧ ಶತಮಾನ ಕಣ್ಣಿಟ್ಟ ತಾಲೂಕಿನಲ್ಲಿ ತನ್ನದೇ ಕೆರೆಯ ತಳದಲ್ಲಿ ಏನಾಗುತ್ತಿದೆ ಎಂಬುದಕ್ಕೂ ಅಂಥದ್ದೇ ಒಂದು ಕಣ್ಣು ಇರಬೇಕೆನ್ನುವುದು ದೊಡ್ಡ ಬೇಡಿಕೆಯಲ್ಲ.

ಯಂತ್ರ ಇಟ್ಟರೆ ಸಾಲದೇ, ಮನುಷ್ಯ ಏಕೆ ಎಂದು ಕೇಳಬಹುದು. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. 2019ರ ಕೊನೆಯಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಯಡಿ ಸ್ವಯಂಚಾಲಿತ ಮಾಪಕಗಳೂ ಬಂದಿವೆ. ಇವು ಬೇಕು, ಆದರೆ ಅಳತೆಯ ಕೆಲಸವನ್ನು ಹತ್ತಿರದಿಂದ ನೋಡಿದರೆ ಮನುಷ್ಯ ಎಲ್ಲಿ ಬೇಕೆಂಬುದು ತಿಳಿಯುತ್ತದೆ. ರೈತನ ಕೊಳವೆ ಬಾವಿಯ ಮುಚ್ಚಳ ತೆಗೆದು, ತುದಿಗೆ ಸಂವೇದಕವಿರುವ ಟೇಪು ಇಳಿಸಬೇಕು; ನೀರು ಮುಟ್ಟಿದೊಡನೆ ಸದ್ದಾಗುತ್ತದೆ. ಕೇಸಿಂಗ್ ಒಳಗೆ ಪಂಪಿನ ಪೈಪು, ಕೇಬಲ್, ಹಗ್ಗ ಎಲ್ಲ ಇರುವುದರಿಂದ ಟೇಪು ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯ. ಮೂರು ಫೇಸ್ ಕರೆಂಟು ಬಂದು ಮೋಟಾರು ಓಡುತ್ತಿದ್ದಾಗ ಅಳೆದರೆ ಸಿಗುವುದು ಪಂಪು ಎಳೆದು ಕೆಳಗಿಳಿಸಿದ ಮಟ್ಟ, ನೆಲದ ನಿಜವಾದ ಮಟ್ಟವಲ್ಲ. ಮೋಟಾರು ನಿಂತು ನೀರು ಮತ್ತೆ ಏರಲು ಕಾಯಬೇಕು. ಪಕ್ಕದ ಹೊಲದವನ ಮೋಟಾರು ಓಡುತ್ತಿದ್ದರೂ ಲೆಕ್ಕ ಕೆಡುತ್ತದೆ. ಪರೀಕ್ಷೆಗೆ ನೀರು ಹಿಡಿಯುವಾಗ ಇದಕ್ಕೆ ತಿರುಗುಮುರುಗು: ಪೈಪಿನಲ್ಲಿ ನಿಂತ ಹಳೆಯ ನೀರು ಹೊರಹೋಗುವವರೆಗೆ ಮೋಟಾರು ಓಡಿಸಬೇಕು. ಲೋಹದ ಪರೀಕ್ಷೆಗೆ ಹಿಡಿದ ಬಾಟಲಿಗೆ ಸ್ಥಳದಲ್ಲೇ ನೈಟ್ರಿಕ್ ಆಮ್ಲ ಬೆರೆಸದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ಫಲಿತಾಂಶದಲ್ಲಿ ನೀರು ಶುದ್ಧವೆಂದು ಕಾಣುತ್ತದೆ. ನೈಟ್ರೇಟ್ ಪರೀಕ್ಷೆಗೆ ಬೇರೆ ಬಾಟಲಿ, ಐಸ್ ಪೆಟ್ಟಿಗೆ. ಯಾವ ಬಾವಿ ಕಳೆದ ಬೇಸಿಗೆಯಲ್ಲಿ ಇನ್ನೂ ಇನ್ನೂರು ಅಡಿ ಆಳಕ್ಕೆ ಹೋಯಿತು, ಯಾರು ಟೊಮೆಟೊ ಬಿಟ್ಟು ಹಿಪ್ಪುನೇರಳೆ ಹಾಕಿದರು, ಯಾವ ರಾಜಕಾಲುವೆಗೆ ಮಣ್ಣು ಬಿತ್ತು ಎಂಬುದು ಮಾಪಕಕ್ಕೆ ತಿಳಿಯುವುದಿಲ್ಲ. ಅದು ತಿಳಿಯದೆ ಮಾಪಕದ ಗೆರೆ ಏಕೆ ಇಳಿಯಿತೆಂದು ಹೇಳಲಾಗದು. ಊರಿನವರ ವಿಶ್ವಾಸ ಗಳಿಸಿದ, ರಸಾಯನಶಾಸ್ತ್ರವೂ ಗೊತ್ತಿರುವ, ಐದು ವರ್ಷ ಅದೇ ದಾರಿಯಲ್ಲಿ ಓಡಾಡುವ ಒಬ್ಬರು ಬೇಕು. ಪಿಎಚ್.ಡಿ. ವಿದ್ಯಾರ್ಥಿ ಎಂದರೆ ಅವರೇ.

ಅಧ್ಯಯನಕ್ಕೆ ವಿಷಯಗಳ ಬರವೂ ಇಲ್ಲ. ಒಂದೊಂದು ತಾಲೂಕೂ ತನ್ನದೇ ಪ್ರಶ್ನೆ ಹೊತ್ತು ಕೂತಿದೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿ ನೂಲು ತೆಗೆಯುವ ರೀಲರ್‌ಗಳು ಗೂಡು ಬೇಯಿಸಿ ಚೆಲ್ಲುವ ನೀರಿನಲ್ಲಿ ಸೆರಿಸಿನ್ ಎಂಬ ಪ್ರೋಟೀನು, ಹುಳುವಿನ ಅವಶೇಷ ತುಂಬಿರುತ್ತವೆ. ಚರಂಡಿ ಸೇರಿದರೆ ಅದು ನೀರಿನ ಆಮ್ಲಜನಕವನ್ನೆಲ್ಲ ಹೀರಿ ನಾರುತ್ತದೆ. ಸಣ್ಣ ಗೃಹ ಕೈಗಾರಿಕೆಗೆ ಎಟುಕುವ ಬೆಲೆಯಲ್ಲಿ ಆ ನೀರನ್ನು ಶುದ್ಧ ಮಾಡುವುದು, ಸೆರಿಸಿನ್ನನ್ನು ಮರಳಿ ಪಡೆಯುವುದು ಪರಿಸರ ಎಂಜಿನಿಯರಿಂಗಿನ ಅಪ್ಪಟ ಸಮಸ್ಯೆ. ಚಿಂತಾಮಣಿಯಲ್ಲಿ ತರಕಾರಿ ಹೊಲಗಳು, ಬೆಂಗಳೂರಿನ ಸಂಸ್ಕರಿತ ನೀರು ಪಡೆದ ಕೆರೆಗಳು ಎರಡೂ ಇವೆ. ಕುರುಬೂರಿನಲ್ಲಿ ರೇಷ್ಮೆ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರಗಳಿವೆ. ಮಣ್ಣಿನಿಂದ ಬೆಳೆಗೆ ಏನು ಏರುತ್ತದೆ ಎಂಬುದನ್ನು ವರ್ಷಾನುಗಟ್ಟಲೆ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು? ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ತೋಪು ಕಿತ್ತ ಜಾಗದಲ್ಲಿ ತೇವ ಎಷ್ಟು ಮರಳಿತು ಎಂಬುದು ಇಡೀ ಜಿಲ್ಲೆಗೆ ಬೇಕಾದ ಲೆಕ್ಕ. ಇನ್ನು ಗೌರಿಬಿದನೂರು ತಾಲೂಕಿನ ತೊಂಡೇಬಾವಿಯ ಕಡೆ ಬಂದರೆ ಸಿಮೆಂಟ್ ಅರೆಯುವ ಕಾರ್ಖಾನೆ, ಬೆಂಗಳೂರಿಗೂ ಹಿಂದೂಪುರಕ್ಕೂ ನಡುವಿನ ರೈಲುಮಾರ್ಗ, ಮುಸುಕಿನ ಜೋಳದ ಹೊಲ, ಸರಣಿ ಕೆರೆಗಳು, ನಂದಿ ಬೆಟ್ಟದಲ್ಲಿ ಹುಟ್ಟಿ ಗೌರಿಬಿದನೂರು ಹಾದು ಆಂಧ್ರದ ಹಿಂದೂಪುರದತ್ತ ಹೋಗುವ ಉತ್ತರ ಪಿನಾಕಿನಿಯ ಬಯಲು, ಎಲ್ಲವೂ ಹತ್ತಿರ ಹತ್ತಿರ. ಗಾಳಿಯಲ್ಲಿನ ದೂಳು, ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ತಲುಪುವ ದಾರಿ, ವರ್ಷಗಟ್ಟಲೆ ಒಣಗಿದ್ದ ನದಿ ಒಂದೇ ವಾರದಲ್ಲಿ ಉಕ್ಕಿದರೆ ಸೇತುವೆಗಳ ಗತಿ, ಇವು ಮೂರು ಬೇರೆ ಬೇರೆ ಥೀಸಿಸ್ಸಾದರೂ ಒಂದೇ ಜಲಾನಯನದಲ್ಲಿ ನಡೆದರೆ ಒಂದಕ್ಕೊಂದು ಆಸರೆಯಾಗುತ್ತವೆ.

ಖರ್ಚಿನ ಮಾತಿಗೆ ಬರೋಣ. ಒಬ್ಬ ವಿದ್ಯಾರ್ಥಿಗೆ ಎರಡು ವರ್ಷ 37,000ದಂತೆ, ಮೂರು ವರ್ಷ 42,000ದಂತೆ ಕೊಟ್ಟರೆ ಐದು ವರ್ಷಕ್ಕೆ 24 ಲಕ್ಷ ರೂಪಾಯಿ. ಹತ್ತು ಜನರಿಗೆ 2 ಕೋಟಿ 40 ಲಕ್ಷ. ಎತ್ತಿನಹೊಳೆಯ 23,251 ಕೋಟಿಯ ಎದುರು ಇದು ನೂರು ರೂಪಾಯಿಗೆ ಒಂದು ಪೈಸೆ. ಮನೆ ಬಾಡಿಗೆ ಭತ್ಯೆ, ಪ್ರಯೋಗಾಲಯ, ಓಡಾಟ, ಪರೀಕ್ಷಾ ವೆಚ್ಚ ಸೇರಿ ಮೂರು ಪಟ್ಟಾದರೂ ಮೂರು ಪೈಸೆ. ದೊಡ್ಡ ಗುತ್ತಿಗೆಗಳಲ್ಲಿ ದರ ಏರಿಕೆಯ ಹೆಸರಿನಲ್ಲಿ ಇದಕ್ಕಿಂತ ಹೆಚ್ಚು ಮಂಜೂರಾಗುವುದುಂಟು. ದೇಶ ಒಟ್ಟಾರೆ ಸಂಶೋಧನೆಗೆ ಖರ್ಚು ಮಾಡುವುದೇ 2020-21ರ ಅಂಕಿಯಂತೆ ಜಿಡಿಪಿಯ ಶೇ 0.64. ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ 2023ರಲ್ಲಿ ಬಂದಾಗ ಐದು ವರ್ಷಕ್ಕೆ 50,000 ಕೋಟಿಯ ಮಾತು ಕೇಳಿಬಂತು. ಅದರಲ್ಲಿ ದೊಡ್ಡ ಪಾಲು ಖಾಸಗಿ ಮೂಲಗಳಿಂದ ಬರಬೇಕೆಂಬ ನಿರೀಕ್ಷೆ. ಖಾಸಗಿ ಕಂಪನಿ ಬ್ಯಾಟರಿಗೆ, ಔಷಧಕ್ಕೆ ಹಣ ಹಾಕೀತು. ಶಿಡ್ಲಘಟ್ಟದ ಚರಂಡಿಗೆ, ತೊಂಡೇಬಾವಿಯ ಕೋಡಿಗೆ ಹಾಕುವುದು ಕಷ್ಟ. ಲಾಭವಿಲ್ಲದ, ಆದರೆ ಎಲ್ಲರಿಗೂ ಬೇಕಾದ ಜ್ಞಾನದ ಖರ್ಚನ್ನು ಸರ್ಕಾರವೇ ಹೊರಬೇಕು.

ಇದಕ್ಕೆ ಬರುವ ಆಕ್ಷೇಪಗಳು ಹಗುರವಲ್ಲ. ಮೊದಲನೆಯದು: ವರದಿಗಳಿಗೇನು ಕಡಿಮೆ, ಓದುವವರಿಲ್ಲ. 9.55 ಎಂದ ವರದಿಯನ್ನು ಸರ್ಕಾರ ಬದಿಗಿಟ್ಟು ಮುಂದುವರಿಯಲಿಲ್ಲವೇ? ನಿಜ. ಆದರೆ ಒಂದು ತಂಡ ಒಮ್ಮೆ ಕೊಟ್ಟ ವರದಿಯನ್ನು ಬದಿಗಿಡುವುದು ಸುಲಭ. ಪ್ರತಿ ವರ್ಷ ಅದೇ ಜಾಗದಿಂದ, ಅದೇ ಬಾವಿಯಿಂದ ಬರುವ ಅಂಕಿಯನ್ನು ಬದಿಗಿಡುವುದು ಅಷ್ಟು ಸುಲಭವಲ್ಲ. ಕೋರ್ಟಿನಲ್ಲಿ, ವಿಧಾನಸಭೆಯಲ್ಲಿ, ಗ್ರಾಮಸಭೆಯಲ್ಲಿ ನಿಲ್ಲುವುದು ಸರಣಿಯ ಅಂಕಿಯೇ. ಎರಡನೆಯದು: ಇಲಾಖೆಯ ಎಂಜಿನಿಯರುಗಳು ಇರುವಾಗ ವಿದ್ಯಾರ್ಥಿಗಳು ಏಕೆ? ಎಂಜಿನಿಯರು ಯೋಜನೆ ಕಟ್ಟುವವನು. ತಾನು ಕಟ್ಟಿದ್ದನ್ನು ತಾನೇ ತೂಗುವುದು ಯಾರಿಗೂ ಕಷ್ಟ, ಅದು ಆತನ ತಪ್ಪೂ ಅಲ್ಲ. ಇದೇ ಮಾತು ಮೂರನೆಯ ಆಕ್ಷೇಪಕ್ಕೂ ದಾರಿ ಮಾಡುತ್ತದೆ: ಕಾಮಗಾರಿಯ ಹಣದಲ್ಲೇ ಭತ್ಯೆ ಕೊಟ್ಟರೆ ಸಂಶೋಧಕನೂ ಇಲಾಖೆಯ ಋಣಿಯಾಗುವುದಿಲ್ಲವೇ? ಈ ಅಪಾಯ ದೊಡ್ಡದು. ಆದ್ದರಿಂದ ಹಣ ಯೋಜನೆಯಿಂದ ಬಂದರೂ ಹಂಚುವ ಕೈ ಬೇರೆಯಾಗಿರಬೇಕು. ಪಿಎಚ್.ಡಿ. ಫೆಲೋಶಿಪ್ ನಡೆಸಿದ ಅನುಭವವಿರುವ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರೋತ್ಸಾಹಕ ಸೊಸೈಟಿಯಂಥ ಸಂಸ್ಥೆಯ ಮೂಲಕ, ಪ್ರಕಟಣೆಗೆ ಇಲಾಖೆಯ ಅನುಮತಿ ಬೇಕಿಲ್ಲವೆಂಬ ಲಿಖಿತ ಷರತ್ತಿನೊಂದಿಗೆ ಅದು ಹೋಗಬೇಕು. ಆ ಷರತ್ತಿಲ್ಲದ ಅನುದಾನ ಪ್ರಚಾರದ ಖರ್ಚೇ ಹೊರತು ಸಂಶೋಧನೆಯದಲ್ಲ.

ನಾಲ್ಕನೆಯ ಆಕ್ಷೇಪ ಎಲ್ಲಕ್ಕಿಂತ ಹಳೆಯದು: ಓದಿಸಿದ ಮಕ್ಕಳು ಊರು ಬಿಟ್ಟು ಹೋಗುತ್ತಾರೆ, ಅಮೆರಿಕದ ಭತ್ಯೆ ಸಿಕ್ಕರೆ ತೊಂಡೇಬಾವಿಯ ಭತ್ಯೆ ಯಾರಿಗೆ ಬೇಕು? ಹೋಗುವವರು ಹೋಗುತ್ತಾರೆ, ಹೋಗಲಿ. ಗೌರಿಬಿದನೂರು ತಾಲೂಕಿನ ಹೊಸೂರಿನ ಎಚ್. ನರಸಿಂಹಯ್ಯ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದ ಪಿಎಚ್.ಡಿ. ಮುಗಿಸಿ ಬಂದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಅವರ ಹಟದಿಂದ ಗೌರಿಬಿದನೂರು, ಬಾಗೇಪಲ್ಲಿಗಳಿಗೆ ನ್ಯಾಷನಲ್ ಕಾಲೇಜು ಬಂತು. ಅವರಂಥವರು ವಿರಳ, ಅವರನ್ನೇ ನಂಬಿ ನೀತಿ ರೂಪಿಸಲಾಗದು ಎಂಬುದೂ ಸರಿ. ಅದಕ್ಕೇ ಹುದ್ದೆ ಜಾಗಕ್ಕೆ ಅಂಟಿರಬೇಕೆನ್ನುವುದು: ಮನುಷ್ಯ ಹೋದರೂ ಹುದ್ದೆ, ಬಾವಿಗಳ ಪಟ್ಟಿ, ಹತ್ತು ವರ್ಷದ ಅಂಕಿ ಊರಿನಲ್ಲೇ ಉಳಿಯುತ್ತವೆ. ಹೊರದೇಶದ ಭತ್ಯೆಯನ್ನೇ ನೆಚ್ಚಿಕೊಳ್ಳುವುದೂ ಕ್ಷೇಮವಲ್ಲ. 2025ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ಹವಾಮಾನ ಮತ್ತು ಪರಿಸರ ಸಂಶೋಧನೆಯ ಅನೇಕ ಅನುದಾನಗಳನ್ನು ನಡುವಿನಲ್ಲೇ ರದ್ದು ಮಾಡಿತು. ಅಲ್ಲಿ ಪ್ರಾಜೆಕ್ಟು ನಿಂತರೆ ಸಹಾಯಕನ ಭತ್ಯೆಯೂ ನಿಲ್ಲುತ್ತದೆ. ಪ್ರಾಜೆಕ್ಟಿಗೆ ಕಟ್ಟಿದ ಹುದ್ದೆಯ ದೌರ್ಬಲ್ಯ ಶ್ರೀಮಂತ ದೇಶದಲ್ಲೂ ಅದೇ ಎಂಬುದಕ್ಕೆ ಇದು ಸಾಕ್ಷಿ.

ಕೊನೆಯ ಆಕ್ಷೇಪ ಸ್ಥಳೀಯ ಕಾಲೇಜುಗಳಿಗೆ ಆ ಯೋಗ್ಯತೆ ಇದೆಯೇ ಎಂಬುದು. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ, ಚಿಕ್ಕಬಳ್ಳಾಪುರದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಜಿಲ್ಲೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. ಯುರೇನಿಯಂ ಅಳೆಯುವ ದುಬಾರಿ ಉಪಕರಣ ಇವುಗಳಲ್ಲಿ ಪ್ರತಿಯೊಂದರಲ್ಲೂ ಇರಬೇಕಿಲ್ಲ. ದೊಡ್ಡ ಸಂಸ್ಥೆಯಲ್ಲಿ ಒಬ್ಬ ಮಾರ್ಗದರ್ಶಕ, ಜಿಲ್ಲೆಯ ಕಾಲೇಜಿನಲ್ಲಿ ಇನ್ನೊಬ್ಬ, ಮಾದರಿ ಹಿಡಿಯುವುದು ಇಲ್ಲಿ, ಸೂಕ್ಷ್ಮ ಪರೀಕ್ಷೆ ಬೆಂಗಳೂರಿನಲ್ಲಿ ಎಂಬ ಏರ್ಪಾಡು ಸಾಧ್ಯ. ಯೋಗ್ಯತೆ ಮೊದಲು ಬರಲಿ, ಹಣ ಆಮೇಲೆ ಕೊಡೋಣ ಎನ್ನುವುದು ಈಜು ಕಲಿತ ಮೇಲೆ ನೀರಿಗಿಳಿ ಎಂದಂತೆ. ಒಬ್ಬ ಹುಡುಗಿ ತನ್ನ ತಾಲೂಕಿನಿಂದ ರೈಲಿನಲ್ಲಿ ಓಡಾಡಿ ಪಿಎಚ್.ಡಿ. ಮಾಡಲು ಸಾಧ್ಯವಾದರೆ, ಊರಿನ ಭಾಷೆ, ಜಾತಿ, ಜಮೀನಿನ ಒಳಸುಳಿ ಗೊತ್ತಿರುವ ಸಂಶೋಧಕಿ ಸಿಕ್ಕಂತಾಗುತ್ತದೆ. ತೆಲುಗು-ಕನ್ನಡ ಎರಡೂ ನಾಲಗೆಯ ಮೇಲಿರುವ ಗಡಿಸೀಮೆಯಲ್ಲಿ ಇದು ಸಣ್ಣ ಅನುಕೂಲವಲ್ಲ.

ಹೀಗೆ ನೋಡಿದರೆ ಬೇಕಾಗಿರುವುದು ಹೊಸ ಸಂಸ್ಥೆಯಲ್ಲ, ಹೊಸ ಷರತ್ತುಗಳು. ಜಿಲ್ಲೆಯಲ್ಲಿ ಪಿನಾಕಿನಿಯ ಒಂದು, ಚಿಂತಾಮಣಿಯ ಕೆರೆಸರಣಿಯ ಒಂದು ಎಂದು ಎರಡು-ಮೂರು ಜಲಾನಯನಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಕನಿಷ್ಠ ಹತ್ತು ವರ್ಷ ಖಾಲಿ ಬೀಳದ ಸಂಶೋಧನಾ ಹುದ್ದೆಗಳನ್ನು ಕಟ್ಟಬೇಕು. ಭತ್ಯೆ ತಿಂಗಳ ಮೊದಲ ವಾರ ಕೈಗೆ ಬರಬೇಕು. ಆರು ತಿಂಗಳ ಬಾಕಿ ಒಟ್ಟಿಗೆ ಬರುವ ಪದ್ಧತಿಯಲ್ಲಿ ಮನೆಯಲ್ಲಿ ಅನುಕೂಲವಿರುವ ಮಕ್ಕಳು ಮಾತ್ರ ಸಂಶೋಧಕರಾಗುತ್ತಾರೆ, ಕೊಳವೆ ಬಾವಿ ಬತ್ತಿದ ರೈತನ ಮಕ್ಕಳು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ನೆಟ್ ಇದ್ದವರಿಗೂ ಇಲ್ಲದವರಿಗೂ ಒಂದೇ ಹೊಲದಲ್ಲಿ ಒಂದೇ ಕೆಲಸವಿದ್ದರೆ 37,000 ಮತ್ತು ಸೊನ್ನೆಯ ನಡುವಿನ ಅಂತರಕ್ಕೆ ಸಮರ್ಥನೆ ಇಲ್ಲ. ಅಂಕಿಅಂಶ ಇಂಗ್ಲಿಷ್ ಜರ್ನಲಿನಲ್ಲಿ ಬರುವ ಮೊದಲೇ ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರಬೇಕು: ನಿಮ್ಮ ಬಾವಿಯಲ್ಲಿ ಫ್ಲೋರೈಡ್ ಇಷ್ಟು, ಯುರೇನಿಯಂ ಇಷ್ಟು, ಕಳೆದ ವರ್ಷಕ್ಕಿಂತ ನೀರು ಇಷ್ಟು ಅಡಿ ಮೇಲೆ ಅಥವಾ ಕೆಳಗೆ. ಮುಂದಿನ ನೀರಾವರಿ ಯೋಜನೆಯ ಅಂದಾಜು ಪಟ್ಟಿ ಶಾಸಕರ ಮೇಜಿಗೆ ಬಂದಾಗ ಅವರು ಪೈಪಿನ ಅಳತೆ ಕೇಳುವ ಮೊದಲು, ಇದರ ಫಲಿತಾಂಶವನ್ನು ಹತ್ತು ವರ್ಷ ಅಳೆಯುವವರು ಯಾರು, ಅವರ ಸಂಬಳ ಯಾವ ಸಾಲಿನಲ್ಲಿದೆ ಎಂದು ಕೇಳಲಿ. ಆ ಸಾಲಿಲ್ಲದ ಪಟ್ಟಿಯನ್ನು ಮಂಜೂರು ಮಾಡದೆ ಹಿಂದಕ್ಕೆ ಕಳಿಸಿದರೆ ಯೋಜನೆ ಒಂದು ವಾರ ತಡವಾಗಬಹುದು. ಮಂಜೂರು ಮಾಡಿದರೆ, ಹರಿಸಿದ ನೀರಿನಿಂದ ಒಳಿತಾಯಿತೋ ಕೆಡುಕಾಯಿತೋ ಎಂಬ ಜಗಳ ಮುಂದಿನ ತಲೆಮಾರಿನವರೆಗೂ ಪುರಾವೆಯಿಲ್ಲದೆ ನಡೆಯುತ್ತದೆ.